ಕುಂಡದ ನಿತ್ಯಹಸಿರು ಮರಗಳಿಗೆ ಒಂದು ಚಳಿಗಾಲದ ಪೆಟ್ಟಿಗೆ

ನೆಲದಲ್ಲಿ ಬೇರು ಬಿಟ್ಟ ಬಿಳಿ ಸ್ಪ್ರೂಸ್ ಅನ್ನುವ ಸೂಜಿ ಎಲೆಯ ಮರ ಮೈನಸ್ 40 ಡಿಗ್ರಿ ಚಳಿಗೂ ಜಗ್ಗುವುದಿಲ್ಲ. ಅದೇ ಮರ ಕುಂಡದಲ್ಲಿದ್ದರೆ ಕಥೆಯೇ ಬೇರೆ. ನೆಲದಲ್ಲಿ ಬೇರಿನ ಸುತ್ತ ಲೆಕ್ಕವಿಲ್ಲದಷ್ಟು ಮಣ್ಣಿದೆ, ಕೆಳಗಿನಿಂದ ನೆಲದ ಬಿಸಿ ಸ್ವಲ್ಪ ಸ್ವಲ್ಪವಾಗಿ ಮೇಲೆ ಬರುತ್ತಿರುತ್ತದೆ. ಕುಂಡದಲ್ಲಿ ಬೇರಿಗೂ ಕೊರೆಯುವ ಗಾಳಿಗೂ ನಡುವೆ ಇರುವುದು ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ಕು, ಇಲ್ಲ ಒಂದೆರಡು ಸೆಂಟಿಮೀಟರ್ ಸುಟ್ಟ ಮಣ್ಣು. ಚಳಿ ನಾಲ್ಕೂ ಕಡೆಯಿಂದ ನುಗ್ಗುತ್ತದೆ. ಎಳೆಯ ಬೇರುಗಳೆಲ್ಲ ಕುಂಡದ ಗೋಡೆಗೆ ಅಂಟಿಕೊಂಡೇ ಬೆಳೆದಿರುವುದರಿಂದ ಮೊದಲ ಹೊಡೆತ ಬೀಳುವುದೂ ಅವಕ್ಕೇ.

ಬೇರು ಕೊಂಬೆಯಷ್ಟು ಗಟ್ಟಿ ಅಲ್ಲ. ಬಾಕ್ಸ್‌ವುಡ್ ಅನ್ನುವ ಸಣ್ಣೆಲೆಯ ಪೊದೆಗಿಡದ ಎಲೆ, ಕೊಂಬೆ ಮೈನಸ್ 20ರ ತನಕ ತಾಳಿಕೊಂಡೀತು. ಅದರ ಎಳೆ ಬೇರು ಮಾತ್ರ ಸುಮಾರು ಮೈನಸ್ 3ಕ್ಕೇ ಸಾಯುತ್ತದೆ. ಬಿಳಿ ಸ್ಪ್ರೂಸ್ ಬೇರು ಸುಮಾರು ಮೈನಸ್ 23ರ ತನಕ ಉಳಿಯುತ್ತದೆ. ಬೇರೆ ಬಹಳಷ್ಟು ಜಾತಿಗಳು ಇವೆರಡರ ನಡುವೆ ಎಲ್ಲೋ ಬರುತ್ತವೆ. ಕುಂಡದಲ್ಲಿ ಬೆಳೆಸುವವರು ತಮ್ಮೂರಿನ ಚಳಿಗಿಂತ ಎರಡು ವಲಯ ಜಾಸ್ತಿ ತಡೆಯುವ ಗಿಡವನ್ನೇ ಆರಿಸಬೇಕು ಅನ್ನುವ ರೂಢಿ ಬಂದಿರುವುದು ಇದಕ್ಕೇ. ಚಳಿಗಾಲದ ಅತಿ ಕಡಿಮೆ ಉಷ್ಣಾಂಶದ ಪ್ರಕಾರ ಊರುಗಳನ್ನು ವಿಂಗಡಿಸುವ ಅಮೆರಿಕದ ಕೃಷಿ ಇಲಾಖೆಯ ಚಳಿ ನಕ್ಷೆಯಲ್ಲಿ ಒಂದು ವಲಯ ಅಂದರೆ ಸುಮಾರು 5.6 ಡಿಗ್ರಿ ಸೆಲ್ಸಿಯಸ್. ಎರಡು ವಲಯ ಅಂದರೆ 11 ಡಿಗ್ರಿ.

ಗಿಡ ಆಗಲೇ ಮನೆಯಲ್ಲಿದೆ, ಆರಿಸುವ ಹಂತ ದಾಟಿಹೋಗಿದೆ ಅನ್ನುವವರಿಗೆ ಉಳಿದಿರುವ ದಾರಿ ಹೊದಿಕೆ. ನನ್ನ ಹತ್ತಿರ ಇದ್ದದ್ದು ನಾಲ್ಕು ಪ್ಲಾಸ್ಟಿಕ್ ಕುಂಡ: ಎರಡು ಥೂಜಾ (ಚಪ್ಪಟೆ ಎಲೆಯ ನಿತ್ಯಹಸಿರು ಮರ), ಒಂದು ಕುಳ್ಳ ಸ್ಪ್ರೂಸ್, ಒಂದು ಬಾಕ್ಸ್‌ವುಡ್. ಪ್ರತಿ ಕುಂಡದ ಅಡ್ಡಗಲ 38 ಸೆಂಟಿಮೀಟರ್, ಎತ್ತರವೂ ಅಷ್ಟೇ, ಹಿಡಿಯುವುದು ಸುಮಾರು 43 ಲೀಟರ್. ನಾಲ್ಕಕ್ಕೂ ಸೇರಿ ಒಂದೇ ಪೆಟ್ಟಿಗೆ ಕಟ್ಟಿದೆ. ಕಟ್ಟಿದ ಬಗೆ, ಯಾಕೆ ಹಾಗೆ ಕಟ್ಟಿದೆ, ಚಳಿಗಾಲದಲ್ಲಿ ಅದು ಹೇಗೆ ನಡೆಯಿತು, ಎಲ್ಲ ಇಲ್ಲಿದೆ.

ಮೊದಲು ಲೆಕ್ಕ

ಮಾಮೂಲಾಗಿ ಜನ ಮಾಡುವುದು ಏನು ಅಂದರೆ, ಗಿಡದ ತಲೆಗೆ ಬಬಲ್ ಶೀಟ್ ಸುತ್ತಿ ಕುಂಡವನ್ನು ಹಾಗೇ ಬಿಡುವುದು. ಇದು ಪೂರಾ ಉಲ್ಟಾ. ಚಳಿಗೆ ಹೆದರುವುದು ಕೆಳಗಿನ ಭಾಗ. ಹೊದಿಕೆ ಅಲ್ಲಿಗೆ ಬೇಕು.

ಇನ್ನೊಂದು ವಿಷಯ. ಕಂಬಳಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಒಳಗಿರುವ ಮೈಯ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ. ಕುಂಡದೊಳಗೆ ಮೈ ಎಲ್ಲಿಂದ ಬರಬೇಕು? ಹಾಗಾದರೆ ಥರ್ಮಾಕೋಲ್ ಸುತ್ತಿದರೆ ಏನು ಲಾಭ ಅಂತ ಅನ್ನಿಸುತ್ತದೆ ಅಲ್ವಾ? ಲಾಭ ಇದೆ. ಅದನ್ನು ಕೊಡುವುದು ಮಣ್ಣಿನಲ್ಲಿರುವ ನೀರು.

ಒಂದು ಕಿಲೋ ನೀರು ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆ ಆಗುವಾಗ 334 ಕಿಲೋಜೂಲ್ ಶಾಖ ಬಿಟ್ಟುಕೊಡುತ್ತದೆ. ಆ ಶಾಖ ಪೂರ್ತಿ ಹೊರಗೆ ಹೋಗುವ ತನಕ ಉಷ್ಣಾಂಶ ಸೊನ್ನೆಯ ಹತ್ತಿರವೇ ನಿಂತಿರುತ್ತದೆ. ಚೆನ್ನಾಗಿ ನೀರು ಕುಡಿದ 43 ಲೀಟರ್ ಕುಂಡದಲ್ಲಿ 10 ಲೀಟರ್ ನೀರಾದರೂ ಇದೆ ಅಂತ ಇಟ್ಟುಕೊಳ್ಳೋಣ. ಅಲ್ಲಿಗೆ 3,340 ಕಿಲೋಜೂಲ್ ಆಯಿತು, ಅಂದರೆ ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟಿನಷ್ಟು.

ಹೊರಗೆ ಮೈನಸ್ 8 ಇದೆ ಅನ್ನಿ. ಬರಿ ಕುಂಡದ ಮೈ ಎಲ್ಲ ಸೇರಿ 0.68 ಚದರ ಮೀಟರ್. ಸಾಧಾರಣ ಗಾಳಿಗೆ ಅದು ಸೆಕೆಂಡಿಗೆ 54 ಜೂಲ್, ಅಂದರೆ 54 ವ್ಯಾಟ್ ಕಳೆದುಕೊಳ್ಳುತ್ತದೆ. ಹದಿನೇಳು ಗಂಟೆಯಲ್ಲಿ ದಾಸ್ತಾನು ಖಾಲಿ. ಅದೇ ಕುಂಡಕ್ಕೆ ಸುತ್ತ, ಮೇಲೆ, ಕೆಳಗೆ 4 ಸೆಂಟಿಮೀಟರ್ ದಪ್ಪದ ಫೋಮ್ ಹಲಗೆ ಇದ್ದರೆ ನಷ್ಟ ನಾಲ್ಕೂವರೆ ವ್ಯಾಟ್‌ಗೆ ಇಳಿಯುತ್ತದೆ. ಕಾಗದದ ಮೇಲೆ ಎಂಟು ದಿನ ದಾಟುತ್ತದೆ. ಸಂದುಗೊಂದು, ಕಾಂಡ ಹೊರಬರುವ ತೂತು ಎಲ್ಲ ಸೇರಿ ಅದರ ಅರ್ಧ ಸಿಕ್ಕಿದರೂ ಸಾಕು. ಚಳಿಯ ಅಲೆಗಳು ನಡುನಡುವೆ ಬಿಡುವು ಕೊಡುತ್ತವೆ. ಆ ಬಿಡುವಿನಲ್ಲಿ ಕುಂಡ ಸುಧಾರಿಸಿಕೊಳ್ಳುತ್ತದೆ. ವಾರಗಟ್ಟಲೆ ಮೈನಸ್ 15ರಲ್ಲೇ ನಿಲ್ಲುವ ಊರಿನಲ್ಲಿ ಬಾಕ್ಸ್‌ವುಡ್‌ಗೆ ಇಷ್ಟು ಸಾಲದು. ಅಲ್ಲಿ ಅದನ್ನು ಬಿಸಿ ಹಾಕದ ಶೆಡ್ಡಿಗೋ ಗ್ಯಾರೇಜಿಗೋ ಸಾಗಿಸಲೇಬೇಕು.

ಈ ಲೆಕ್ಕದಿಂದ ಎರಡು ವಿಷಯ ಗಟ್ಟಿಯಾಯಿತು. ಒಂದು, ಚಳಿ ಬರುವ ಮೊದಲು ಕುಂಡಕ್ಕೆ ನೀರು ತುಂಬಿರಬೇಕು. ಒಣಗಿದ ಮಣ್ಣಿನ ಹತ್ತಿರ ದಾಸ್ತಾನೇ ಇಲ್ಲ. ಎರಡು, ಪೆಟ್ಟಿಗೆಯೊಳಗೆ ನೀರು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಅದು ಮಣ್ಣಿನಲ್ಲೇ ಇರಬೇಕು ಅಂತೇನೂ ಇಲ್ಲ.

ಜಾಗ

ಮನೆಯ ಗೋಡೆಗೆ ಒತ್ತಿಕೊಂಡ ಜಾಗ ಬೇಕು, ಗಾಳಿಗೆ ಮರೆ ಇರಬೇಕು, ಮಧ್ಯಾಹ್ನದ ಬಿಸಿಲು ಬೀಳಬಾರದು. ಬಿಸಿಲು ಬೇಡ ಅಂದರೆ ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಚಳಿಗಾಲದ ಬಿಸಿಲು ಎಲೆಯನ್ನು ಸುತ್ತಲಿನ ಗಾಳಿಗಿಂತ ಬಿಸಿ ಮಾಡುತ್ತದೆ. ಎಲೆ ನೀರು ಬಿಡಲು ಶುರು ಮಾಡುತ್ತದೆ. ಕೆಳಗೆ ಬೇರು ಮಂಜುಗಡ್ಡೆಯ ನಡುವೆ ಸಿಕ್ಕಿದೆ, ಮೇಲಕ್ಕೆ ಕಳಿಸಲು ಅದರ ಹತ್ತಿರ ಹನಿ ನೀರಿಲ್ಲ. ಎಲೆ ನಿಂತಲ್ಲೇ ಒಣಗಿ ಕಂದುತ್ತದೆ. ಚಳಿಗೆ ಸುಟ್ಟಿತು ಅಂತ ಜನ ಹೇಳುವುದರಲ್ಲಿ ದೊಡ್ಡ ಪಾಲು ಹೀಗೆ ಬಾಯಾರಿ ಒಣಗಿದ್ದೇ. ಗಾಳಿ ಬೀಸುವ ಕಡೆ, ಬಿಸಿಲು ಬೀಳುವ ಕಡೆ ಮಾತ್ರ ಕಂದಿ, ಹಿಂಬದಿ ಹಸಿರಾಗೇ ಇದ್ದರೆ ಕಾರಣ ಇದೇ ಅಂತ ತಿಳಿಯಬಹುದು.

ಹಾಗಾಗಿ ಉತ್ತರಾರ್ಧ ಗೋಳದಲ್ಲಿ ಇರುವವರಿಗೆ ಉತ್ತರದ ಇಲ್ಲವೇ ಪೂರ್ವದ ಗೋಡೆ ವಾಸಿ. ಗೋಡೆಯಿಂದ ಸ್ವಲ್ಪ ಬಿಸಿಯೂ ಸೋರಿ ಬರುತ್ತದೆ, ಅದು ಬೋನಸ್. ಒಂದೇ ಎಚ್ಚರ: ತಲೆ ಎತ್ತಿ ಸೂರು ನೋಡಿ. ಇಳಿಜಾರು ಛಾವಣಿಯ ಹಿಮ ಒಂದೇ ಸಲ ಜಾರಿ ಬೀಳುವ ಜಾಗವಾದರೆ ಮರದ ತುದಿ ಮುರಿದೇ ಮುರಿಯುತ್ತದೆ.

ನನ್ನ ಪೆಟ್ಟಿಗೆ ಕೂತದ್ದು ನೆಲದ ಮೇಲೆ ಹಾಸಿದ ಕಲ್ಲುಚಪ್ಪಡಿಯ ಮೇಲೆ. ಕೆಳಗೆ ಭೂಮಿ ಇದೆ. ಆದ್ದರಿಂದ ಪೆಟ್ಟಿಗೆಗೆ ತಳ ಹಾಕಲಿಲ್ಲ. ತಳಕ್ಕೂ ಫೋಮ್ ಹಾಕಿದರೆ ಕೆಳಗಿನಿಂದ ಬರುವ ನೆಲದ ಬಿಸಿಗೆ ನಾವೇ ಬಾಗಿಲು ಹಾಕಿದ ಹಾಗೆ. ಬಾಲ್ಕನಿಯಲ್ಲಿ, ತಾರಸಿಯಲ್ಲಿ ಇಡುವವರ ಲೆಕ್ಕ ಬೇರೆ. ಅಲ್ಲಿ ಕೆಳಗೂ ತಣ್ಣನೆ ಗಾಳಿ, ತಳಕ್ಕೆ ಫೋಮ್ ಬೇಕೇ ಬೇಕು. ಅದಕ್ಕೆ ಪ್ಯಾಕಿಂಗಿನ ಬಿಳಿ ಥರ್ಮಾಕೋಲ್ ಸಾಲದು, ನೀರು ಕುಡಿದ ಕುಂಡದ ಭಾರಕ್ಕೆ ಅದರ ಕಾಳುಗಳು ಕುಸಿಯುತ್ತವೆ. ಕಟ್ಟಡದ ಕೆಲಸಕ್ಕೆ ಬಳಸುವ, ನೀಲಿ ಅಥವಾ ಗುಲಾಬಿ ಬಣ್ಣದ ಗಟ್ಟಿ ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಫೋಮ್) ಹಲಗೆ ಬೇಕು. ಬಾಲ್ಕನಿ ಅಷ್ಟು ತೂಕ ತಡೆಯುತ್ತದೆಯೇ ಅನ್ನುವುದನ್ನೂ ನೋಡಿಕೊಳ್ಳಬೇಕು. ಒದ್ದೆ ಕುಂಡ ಒಂದೊಂದೂ 45 ಕಿಲೋ ಹತ್ತಿರ ತೂಗುತ್ತದೆ.

ಪೆಟ್ಟಿಗೆ ಕಟ್ಟಿದ್ದು

ನಾಲ್ಕು ಕುಂಡವನ್ನು ಸಾಲಾಗಿ ಇಡುವ ಬದಲು ಎರಡೆರಡರಂತೆ ಚೌಕವಾಗಿ ಇಟ್ಟೆ. ಸಾಲಿಗಿಂತ ಚೌಕಕ್ಕೆ ಹೊರಮೈ ಕಡಿಮೆ. ಒಳಗಳತೆ 90 ಸೆಂಟಿಮೀಟರ್ ಉದ್ದ, 90 ಅಗಲ, 50 ಎತ್ತರ. ಎರಡು ಕುಂಡ ಸೇರಿ 76 ಆಗುತ್ತದೆ, ಉಳಿದ 14 ಸೆಂಟಿಮೀಟರ್ ಸುತ್ತ ತುಂಬಲು.

ಚೌಕಟ್ಟಿಗೆ ಹಳೆಯ ಪ್ಯಾಲೆಟ್ ಬಿಚ್ಚಿದ ಮರದ ಪಟ್ಟಿ. ನಾಲ್ಕು ಮೂಲೆಗೆ ನಾಲ್ಕು ಕಂಬ, ಅದಕ್ಕೆ ಹೊರಗಿನಿಂದ ಪಟ್ಟಿಗಳು. ತುಕ್ಕು ಹಿಡಿಯದ ಸ್ಕ್ರೂ ಹಾಕಿದೆ, ಮೊಳೆ ಬೇಡ ಅನ್ನಿಸಿತು. ಇದನ್ನು ಬೇಸಿಗೆಯಲ್ಲಿ ಬಿಚ್ಚಿ ಎತ್ತಿಡಬೇಕಲ್ಲ. ಮುಂದಿನ ಗೋಡೆಯನ್ನು ಎರಡು ಸ್ಕ್ರೂಗಳಲ್ಲೇ ನಿಲ್ಲುವ ಹಾಗೆ ಮಾಡಿದೆ. ಭಾರದ ಕುಂಡವನ್ನು ಎತ್ತಿ ಒಳಗೆ ಇಳಿಸುವುದು ಸೊಂಟಕ್ಕೆ ಕೇಡು, ಮುಂದಿನ ಗೋಡೆ ತೆಗೆದು ಒಳಗೆ ತಳ್ಳುವುದು ಸುಲಭ.

ಫೋಮ್ ಹಲಗೆ ಕತ್ತರಿಸಲು ಗರಗಸ ಹಿಡಿದರೆ ಚೂರುಗಳು ಊರೆಲ್ಲ ಹಾರುತ್ತವೆ. ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಹೊಸ ಬ್ಲೇಡ್ ಹಾಕಿದ ಕಟ್ಟರನ್ನು ಆದಷ್ಟು ಮಲಗಿಸಿ ಎಳೆಯಬೇಕು. ನೆಟ್ಟಗೆ ನಿಲ್ಲಿಸಿ ಎಳೆದರೆ ಬ್ಲೇಡ್ ಫೋಮನ್ನು ಕೊಯ್ಯುವುದಿಲ್ಲ, ಕಿತ್ತು ತರುತ್ತದೆ. ಕಿರ್ರ್ ಅನ್ನುವ ಸದ್ದು ಬಂತು ಅಂದರೆ ಬ್ಲೇಡ್ ಮೊಂಡಾಗಿದೆ ಅಂತ ಅರ್ಥ. ಅರ್ಧ ದಪ್ಪಕ್ಕೆ ಗೀರಿ, ಮೇಜಿನ ಅಂಚಿಗೆ ಆ ಗೀರು ಹೊಂದಿಸಿ, ಅಂಗೈಯಿಂದ ಒಮ್ಮೆ ಅದುಮಿದರೆ ಟಕ್ ಅಂತ ನೇರವಾಗಿ ಮುರಿಯುತ್ತದೆ. ಮೂಲೆಗಳಲ್ಲಿ ಒಂದು ಹಲಗೆಯ ಅಂಚು ಇನ್ನೊಂದರ ಮುಖಕ್ಕೆ ಕೂರುವಂತೆ ಜೋಡಿಸಿ, ಸಂದಿಗೆ ಟೇಪ್ ಹಾಕಿದೆ. ಗಾಳಿ ನುಸುಳುವ ಸಂದು ಉಳಿದರೆ ಹಲಗೆ ಎಷ್ಟು ದಪ್ಪ ಇದ್ದರೂ ದಂಡ.

ಫೋಮ್ ಮರದ ಪಟ್ಟಿಯ ಒಳಗಡೆ ಇರಬೇಕು. ಹೊರಗಿದ್ದರೆ ಬಿಸಿಲಿಗೆ ಹಳದಿಯಾಗಿ ಪುಡಿ ಉದುರುತ್ತದೆ, ಹಕ್ಕಿಗಳೂ ಕುಕ್ಕುತ್ತವೆ.

ಕುಂಡಗಳ ಅಡಿಗೆ ಎರಡು ಸೆಂಟಿಮೀಟರ್ ದಪ್ಪದ ಮರದ ಪಟ್ಟಿ ಇಟ್ಟೆ. ಇದು ತೀರಾ ಅಗತ್ಯ. ಕುಂಡ ಚಪ್ಪಡಿಗೆ ಅಂಟಿ ಕೂತರೆ ತಳದ ತೂತಿನಲ್ಲಿ ನೀರು ಹೆಪ್ಪುಗಟ್ಟಿ ಬಿರಡೆ ಹಾಕಿದಂತಾಗುತ್ತದೆ. ಮುಂದೆ ಹಿಮ ಕರಗಿದ ನೀರು ಹೋಗಲು ದಾರಿ ಇರುವುದಿಲ್ಲ, ಬೇರು ಕೊಳೆಯುತ್ತದೆ. ಮಣ್ಣಿನ ಕುಂಡ ಇಟ್ಟುಕೊಂಡವರಿಗೆ ಇನ್ನೂ ಒಂದು ತಲೆನೋವು. ನೀರು ಗಡ್ಡೆ ಆಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಮೆರುಗು ಹಾಕದ ಮಣ್ಣಿನ ಕುಂಡ ತನ್ನ ಗೋಡೆಯೊಳಕ್ಕೇ ನೀರು ಹೀರಿಕೊಂಡಿರುವುದರಿಂದ ಪದರ ಪದರವಾಗಿ ಸಿಡಿಯುತ್ತದೆ. ಬಾಯಿ ಕಿರಿದು, ಹೊಟ್ಟೆ ದೊಡ್ಡದಾದ ಕುಂಡ ಇನ್ನೂ ಬೇಗ ಒಡೆಯುತ್ತದೆ, ಹಿಗ್ಗಿದ ಮಣ್ಣಿಗೆ ಮೇಲೆ ಏರಲು ಜಾಗ ಇರುವುದಿಲ್ಲ.

ಒಳಗೆ ಯಾರು ಎಲ್ಲಿ

ಬಾಕ್ಸ್‌ವುಡ್ ಬೇರು ಎಲ್ಲಕ್ಕಿಂತ ಮೆತ್ತಗೆ. ಅದು ಮನೆಯ ಗೋಡೆಗೆ ತಾಗುವ ಮೂಲೆಗೆ ಹೋಯಿತು. ಗಾಳಿ ಬಡಿಯುವ ಹೊರಮೂಲೆಗೆ ಸ್ಪ್ರೂಸ್, ಅದಕ್ಕೆ ಅಲ್ಲಿ ಏನೂ ಆಗುವುದಿಲ್ಲ. ಉಳಿದ ಎರಡು ಮೂಲೆಗೆ ಥೂಜಾ. ಒಂದೇ ಜಾತಿಯ ಗಿಡಗಳಿದ್ದರೆ ಇತ್ತೀಚೆಗೆ ನೆಟ್ಟದ್ದನ್ನು, ಚಿಕ್ಕ ಕುಂಡದ್ದನ್ನು ಗೋಡೆ ಕಡೆಗೆ ಇಡಿ.

ದುಂಡನೆಯ ನಾಲ್ಕು ಕುಂಡ ಚೌಕವಾಗಿ ನಿಂತಾಗ ನಟ್ಟನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ. ಅಲ್ಲಿ 5 ಲೀಟರ್ ಕ್ಯಾನ್ ಒಂದು ಸಲೀಸಾಗಿ ಕೂರುತ್ತದೆ. ಪೆಟ್ಟಿಗೆಯ ನಾಲ್ಕು ಮೂಲೆಗಳಲ್ಲಿ 2 ಲೀಟರ್ ಬಾಟಲಿ ಒಂದೊಂದು ಇಳಿಯುತ್ತದೆ. ಎಲ್ಲದರಲ್ಲೂ ಬರೀ ನೀರು, ಹಿಗ್ಗಲು ಮೇಲೆ ಹತ್ತರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಖಾಲಿ ಬಿಟ್ಟು. ಎಲ್ಲ ಸೇರಿ 11 ಲೀಟರಿಗೂ ಮೇಲೆ ನೀರು, ಅಂದರೆ ಇನ್ನೊಂದು ಕುಂಡದಷ್ಟು ಶಾಖದ ದಾಸ್ತಾನು ಪುಕ್ಕಟೆ. ಬಾಕ್ಸ್‌ವುಡ್ ಬೇರು ಸಾಯುವುದು ಮೈನಸ್ 3ರ ಹತ್ತಿರ, ನೀರು ಗಡ್ಡೆಯಾಗುವುದು ಸೊನ್ನೆಗೆ. ಕ್ಯಾನಿನ ನೀರು ಪೂರ್ತಿ ಗಟ್ಟಿಯಾಗುವ ತನಕ ಪಕ್ಕದ ಬೇರಿಗೆ ಅದು ಕಾವಲು. ನೀರು ಗಡ್ಡೆ ಕಟ್ಟದಿರಲಿ ಅಂತ ಉಪ್ಪು ಹಾಕಲು ಹೋಗಬೇಡಿ. ಗಡ್ಡೆ ಕಟ್ಟಲಿ ಅನ್ನುವುದೇ ಇಲ್ಲಿ ನಮ್ಮ ಉದ್ದೇಶ.

ಉಳಿದ ಸಂದುಗಳಿಗೆ ಒಣಗಿದ ತರಗೆಲೆ. ಸುಮ್ನೆ ಸುರಿದರೆ ಮೊದಲ ಮಳೆಗೇ ಒದ್ದೆಯಾಗಿ ಕುಸಿಯುತ್ತದೆ. ಒದ್ದೆ ಎಲೆ ಚಳಿ ತಡೆಯುವುದಿಲ್ಲ, ಒಳಗೆ ಸಿಕ್ಕಿಕೊಂಡ ಗಾಳಿಯಿಂದಲೇ ಅದಕ್ಕೆ ಬೆಲೆ. ಅದಕ್ಕೇ ತರಗೆಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ತುಂಬಿ, ಬಾಯಿ ಕಟ್ಟಿ, ಸಂದಿಗೆ ತಕ್ಕಂತೆ ಅದುಮಿ ಕೂರಿಸಿದೆ. ತೀರಾ ಬಿಗಿಯಾಗಿ ತುರುಕಬಾರದು. ಪೆಟ್ಟಿಗೆಯ ಬುಡ ಚಪ್ಪಡಿಗೆ ತಾಗುವ ಕಡೆ ಹೊರಗಿನಿಂದ ಮಣ್ಣು ಒತ್ತಿದೆ.

ಕುಂಡದ ಮಣ್ಣಿನ ಮೇಲೆ ಎಂಟು ಸೆಂಟಿಮೀಟರ್ ಮರದ ತೊಗಟೆ ಚೂರು ಹರಡಿದೆ. ಕಾಂಡದ ಸುತ್ತ ನಾಲ್ಕು ಬೆರಳಷ್ಟು ಜಾಗ ಬಿಟ್ಟೆ, ತಾಗಿಕೊಂಡಿದ್ದರೆ ಕಾಂಡದ ಸಿಪ್ಪೆ ಕೊಳೆಯುತ್ತದೆ. ಅದರ ಮೇಲೆ ಫೋಮಿನ ಮುಚ್ಚಳ. ಕಾಂಡಕ್ಕೆ ಅರ್ಧ ದುಂಡಗೆ ಕೊರೆದು ತುಂಡು ತುಂಡಾಗಿ ಮಾಡಿದ್ದೇನೆ, ನೀರು ಹಾಕುವಾಗ ಒಂದೊಂದನ್ನೇ ಎತ್ತಬಹುದು. ಥೂಜಾದ ಕೆಳಗಿನ ಕೊಂಬೆಗಳು ಅಡ್ಡ ಬಂದವು. ಕತ್ತರಿಸಲಿಲ್ಲ, ಸಣಬಿನ ಹುರಿಯಿಂದ ಸಡಿಲವಾಗಿ ಮೇಲಕ್ಕೆ ಕಟ್ಟಿದೆ. ಚಳಿಗಾಲ ಹತ್ತಿರ ಬಂದಾಗ ಕತ್ತರಿ ಆಡಿಸಿದರೆ ಎಳೆ ಚಿಗುರು ಹೊರಟು, ಗಟ್ಟಿಯಾಗುವ ಮೊದಲೇ ಚಳಿಗೆ ಸಿಗುತ್ತದೆ. ಸಾರಜನಕದ ಗೊಬ್ಬರವನ್ನೂ ಬೇಸಿಗೆ ಮುಗಿಯುವಾಗಲೇ ನಿಲ್ಲಿಸಬೇಕು, ಅದೇ ಕಾರಣಕ್ಕೆ.

ಎಲೆಗೆ ಪರದೆ

ತಲೆಗೆ ಏನೂ ಬೇಡವೇ ಅಂದರೆ, ಬೇಕು. ಅದು ಚಳಿಗಲ್ಲ, ಗಾಳಿಗೆ ಮತ್ತು ಬಿಸಿಲಿಗೆ. ಪೆಟ್ಟಿಗೆಯ ಮೂರು ಕಡೆ ಬಿದಿರು ಗಳ ನಿಲ್ಲಿಸಿ ಗೋಣಿ ತಾಟು ಬಿಗಿದೆ. ನಾಲ್ಕನೆಯದು ಮನೆಯ ಗೋಡೆ. ತಾಟಿಗೂ ಎಲೆಗೂ ನಡುವೆ ಒಂದು ಗೇಣು ಜಾಗ ಇರಲೇಬೇಕು. ಒದ್ದೆ ಗೋಣಿ ಎಲೆಗೆ ಅಂಟಿ ಹೆಪ್ಪುಗಟ್ಟಿದರೆ ಎಲೆ ಸಮೇತ ಕಿತ್ತು ಬರುತ್ತದೆ. ಮೇಲ್ಗಡೆ ತೆರೆದೇ ಬಿಟ್ಟೆ, ಬೆಳಕು ಬೇಕು, ಗಾಳಿಯೂ ಆಡಬೇಕು.

ಪ್ಲಾಸ್ಟಿಕ್ ಹಾಳೆಯನ್ನು ಎಲೆಯ ಸುತ್ತ ಸುತ್ತಲೇಬೇಡಿ. ಬಿಸಿಲು ಬಂದರೆ ಒಳಗೆ ಬೇಯುತ್ತದೆ, ಗಿಡ ಬೇಸಿಗೆ ಬಂತೆಂದು ಮೋಸ ಹೋಗುತ್ತದೆ, ರಾತ್ರಿ ಒಳಗಿನ ಹನಿಗಳೆಲ್ಲ ಎಲೆಯ ಮೇಲೆ ಮಂಜುಗಡ್ಡೆ. ಒಂದೆರಡು ರಾತ್ರಿಯ ಜೋರು ಚಳಿಗಾದರೆ ತೆಳುವಾದ ಬಿಳಿ ಫ್ಲೀಸ್ ಬಟ್ಟೆ ಹೊದಿಸಬಹುದು, ಅದರೊಳಗೆ ಗಾಳಿ ಆಡುತ್ತದೆ. ಎಲೆಯ ಮೇಲೆ ಮೇಣದ ಪದರ ಕಟ್ಟುವ ಸ್ಪ್ರೇಗಳೂ ಸಿಗುತ್ತವೆ. ಕೆಲವು ಸಲ ಕೆಲಸ ಮಾಡುತ್ತವೆ, ಕೆಲವು ಸಲ ಇಲ್ಲ, ಮಳೆ ಬಿಸಿಲಿಗೆ ಪದರ ಹರಿದುಹೋಗುತ್ತದೆ. ನನಗೆ ಗೋಣಿಯೇ ಸಾಕೆನಿಸಿತು.

ಇಷ್ಟೆಲ್ಲ ಯಾಕೆ, ಮನೆಯೊಳಗೇ ತಂದಿಟ್ಟರೆ ಆಗದೇ ಅಂತ ಬಹಳ ಜನ ಕೇಳುತ್ತಾರೆ. ಆಗದು. ಬೆಚ್ಚಗಿನ ಕೋಣೆಯಲ್ಲಿ ಈ ಮರಗಳ ಚಳಿಗಾಲದ ವಿಶ್ರಾಂತಿ ಕೆಡುತ್ತದೆ. ಒಣ ಗಾಳಿ, ಸಾಲದ ಬೆಳಕಿಗೆ ಎಲೆ ಉದುರಿಸುತ್ತವೆ. ಮತ್ತೆ ಹೊರಗಿಟ್ಟರೆ ಇದ್ದ ತಾಳಿಕೆಯೂ ಹೋಗಿರುತ್ತದೆ.

ಥರ್ಮಾಮೀಟರ್ ತೋರಿಸಿದ್ದು

ಉದ್ದ ವೈರಿನ ತುದಿಗೆ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಸಾಮಾನು. ಕಡ್ಡಿಯನ್ನು ಬಾಕ್ಸ್‌ವುಡ್ ಕುಂಡದ ಹೊರಗೋಡೆಗೆ ತಾಗಿದಂತೆ ಅರ್ಧ ಆಳಕ್ಕೆ ಇಳಿಸಿದೆ. ನಡುವೆ ಇಳಿಸಿದರೆ ಸುಳ್ಳು ಸಮಾಧಾನ ಸಿಗುತ್ತದೆ. ಮೊದಲು ಸಾಯುವುದು ಅಂಚಿನ ಬೇರು, ಅಲ್ಲೇ ಅಳೆಯಬೇಕು. ಹೋಲಿಸಿ ನೋಡಲು ಅಂತಹದೇ ಇನ್ನೊಂದು ಕುಂಡಕ್ಕೆ ಅದೇ ಮಣ್ಣು ತುಂಬಿ, ನೀರು ಹಾಕಿ, ಗಿಡ ಇಲ್ಲದೆ ಬಯಲಲ್ಲಿ ಇಟ್ಟೆ. ಅದಕ್ಕೂ ಒಂದು ಕಡ್ಡಿ.

ಮೊದಲ ಜೋರು ಚಳಿಯಲ್ಲಿ ರಾತ್ರಿ ಮೈನಸ್ 11ರ ತನಕ ಹೋಯಿತು, ಹಗಲೂ ಸೊನ್ನೆ ದಾಟಲಿಲ್ಲ. ಬಯಲಿನ ಕುಂಡ ಮೊದಲು ಸರಸರ ಇಳಿದು ಮೈನಸ್ 0.2ಕ್ಕೆ ಬಂದು ನಿಂತಿತು. ಮಣ್ಣಿನ ನೀರಿನಲ್ಲಿ ಲವಣ ಕರಗಿರುವುದರಿಂದ ಸೊನ್ನೆಗಿಂತ ಒಂದು ಕೂದಲೆಳೆ ಕೆಳಗೆ. ಗಂಟೆಗಟ್ಟಲೆ ಅಲ್ಲೇ. ಹೊರಗೆ ಚಳಿ ಏರುತ್ತಲೇ ಇದೆ, ಪರದೆಯ ಮೇಲಿನ ಅಂಕಿ ಮಾತ್ರ ಕದಲುವುದಿಲ್ಲ. ಥರ್ಮಾಮೀಟರ್ ಕೆಟ್ಟಿದೆ ಅಂತ ಬ್ಯಾಟರಿ ತೆಗೆದು ಹಾಕಬೇಕು ಅನ್ನಿಸುವಷ್ಟು. ನೀರು ಗಡ್ಡೆಯಾಗುತ್ತಾ ಶಾಖ ಬಿಡುತ್ತಿರುವ ಹೊತ್ತು ಅದು. ಎರಡನೇ ರಾತ್ರಿ ಆ ದಾಸ್ತಾನು ಮುಗಿಯಿತು. ಮೈನಸ್ 0.4, ಮೈನಸ್ 1, ಆಮೇಲೆ ಹಿಡಿಯುವವರಿಲ್ಲ. ಬೆಳಗಿನ ಜಾವಕ್ಕೆ ಮೈನಸ್ 7. ಅದರಲ್ಲಿ ಬಾಕ್ಸ್‌ವುಡ್ ಇದ್ದಿದ್ದರೆ ಅಂಚಿನ ಬೇರೆಲ್ಲ ಹೋಗಿರುತ್ತಿತ್ತು.

ಪೆಟ್ಟಿಗೆಯೊಳಗಿನ ಕುಂಡ ಅಷ್ಟು ಹೊತ್ತಿಗೆ ಇನ್ನೂ ಸೊನ್ನೆಗಿಂತ ಮೇಲೇ ಇತ್ತು. ಆಮೇಲೆ ನಿಧಾನವಾಗಿ ಮೈನಸ್ 0.2ಕ್ಕೆ ಬಂದು, ಚಳಿಯ ಅಲೆ ಮುಗಿಯುವ ತನಕ ಅಲ್ಲೇ ಕೂತಿತು. ಮುಚ್ಚಳ ಎತ್ತಿ ಮೂಲೆಯ ಬಾಟಲಿ ತೆಗೆದು ನೋಡಿದರೆ ಗೋಡೆಯ ಕಡೆಗೆ ಬೆರಳು ದಪ್ಪದ ಮಂಜುಗಡ್ಡೆ, ಒಳಗಡೆ ನೀರು ಇನ್ನೂ ಕುಲುಕುತ್ತಿತ್ತು. ನಡುವಿನ ಕ್ಯಾನಿನಲ್ಲಿ ಗಡ್ಡೆಯ ಸುಳಿವೇ ಇಲ್ಲ. ಈ ಬಾಟಲಿಗಳು ಅಳತೆಗೋಲೂ ಹೌದು. ಎಷ್ಟು ಭಾಗ ಗಡ್ಡೆಯಾಗಿದೆ ಅಂತ ನೋಡಿದರೆ ಇನ್ನೆಷ್ಟು ದಾಸ್ತಾನು ಉಳಿದಿದೆ ಅಂತ ತಿಳಿಯುತ್ತದೆ, ಥರ್ಮಾಮೀಟರ್ ಇಲ್ಲದವರಿಗೆ ಇದೇ ಸಾಕು.

ಬಾಟಲಿ ಪೂರ್ತಿ ಗಟ್ಟಿಯಾಗಿ, ಮುಂದೆಯೂ ಚಳಿ ಇದೆ ಅಂತ ಗೊತ್ತಾದರೆ, ಅವನ್ನು ತೆಗೆದು ನಲ್ಲಿ ನೀರು ತುಂಬಿದ ಬೇರೆ ಬಾಟಲಿ ಇಳಿಸಿದರೆ ಆಯಿತು. ಕಾಯಿಸಿದ ನೀರು ಬೇಕಿಲ್ಲ. ಸೊನ್ನೆಗಿಂತ ಮೇಲಿರುವ ಪ್ರತಿ ಡಿಗ್ರಿಗೆ ಒಂದು ಕಿಲೋ ನೀರಿನಲ್ಲಿರುವುದು ಸುಮಾರು 4.2 ಕಿಲೋಜೂಲ್ ಮಾತ್ರ, ಗಡ್ಡೆಯಾಗುವಾಗ ಸಿಗುವ 334ರ ಮುಂದೆ ಅದು ಏನೂ ಅಲ್ಲ.

ನೀರು, ಹಿಮ, ಇಲಿ

ಚಳಿಗಾಲದಲ್ಲೂ ನೀರು ಬೇಕು. ಸೂರಿನ ಕೆಳಗೆ ಮಳೆಯೂ ಹಿಮವೂ ಬೀಳುವುದು ಕಡಿಮೆ. ಮಣ್ಣು ಗಡ್ಡೆಯಾಗಿಲ್ಲದ ದಿನ ತೊಗಟೆ ಸರಿಸಿ ಬೆರಳು ಇಳಿಸಿ ನೋಡುತ್ತಿದ್ದೆ. ಒಣಗಿದ್ದರೆ ಮಧ್ಯಾಹ್ನದ ಹೊತ್ತಿಗೆ ತಣ್ಣೀರು, ಅದೂ ಮಣ್ಣು ಹೀರಿಕೊಳ್ಳುವಷ್ಟೇ. ಗಡ್ಡೆ ಕಟ್ಟಿದ ಮಣ್ಣಿಗೆ ನೀರು ಸುರಿದು ಪ್ರಯೋಜನವಿಲ್ಲ, ಮೇಲೆ ಇನ್ನೊಂದು ಪದರ ಗಡ್ಡೆ ಅಷ್ಟೇ.

ಹಿಮ ಬಿದ್ದರೆ ಅದನ್ನು ಪೆಟ್ಟಿಗೆಯ ಸುತ್ತ ಒಟ್ಟಿದೆ. ಹೊಸ ಹಿಮದಲ್ಲಿ ಗಾಳಿಯೇ ಜಾಸ್ತಿ, ಒಳ್ಳೆಯ ಹೊದಿಕೆ. ರಸ್ತೆಯಿಂದ ಬಾಚಿದ ಹಿಮ ಮಾತ್ರ ಬೇಡ, ಅದರಲ್ಲಿ ಉಪ್ಪು ಇರುತ್ತದೆ. ಕೊಂಬೆಯ ಮೇಲೆ ಕೂತ ಹಿಮವನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿ ಉದುರಿಸಬೇಕು, ಮೇಲಿನಿಂದ ಬಡಿದರೆ ಕೊಂಬೆ ಸೀಳುತ್ತದೆ. ಥೂಜಾಗಳಿಗೆ ಮೊದಲೇ ಹುರಿಯನ್ನು ಬುಡದಿಂದ ತುದಿಗೆ ಸುತ್ತಿದ್ದರಿಂದ ಭಾರಕ್ಕೆ ಬಾಯಿ ಬಿಡಲಿಲ್ಲ. ಕೊಂಬೆಗೆ ಅಂಟಿ ಗಟ್ಟಿಯಾದ ಮಂಜುಗಡ್ಡೆಯನ್ನು ಮುಟ್ಟಲು ಹೋಗಬೇಡಿ, ತಾನೇ ಕರಗಲಿ.

ತರಗೆಲೆ ಇದ್ದಲ್ಲಿ ಇಲಿ ಬರುತ್ತದೆ. ಬೆಚ್ಚಗೆ ಮನೆ ಮಾಡಿಕೊಂಡು ಕಾಂಡದ ಸಿಪ್ಪೆಯನ್ನು ಸುತ್ತಲೂ ಕೊರೆದರೆ ಮರ ಹೋದಂತೆಯೇ. ಪ್ರತಿ ಕಾಂಡಕ್ಕೂ ಆರು ಮಿಲಿಮೀಟರ್ ಕಣ್ಣಿನ ತಂತಿ ಜಾಲರಿಯನ್ನು ಕೊಳವೆಯಂತೆ ಸುತ್ತಿ, ತುದಿಯನ್ನು ಮಣ್ಣಿಗೆ ಸ್ವಲ್ಪ ಇಳಿಸಿದ್ದೆ.

ಬಿಚ್ಚುವ ಕೆಲಸ

ಇದರಲ್ಲಿ ಆತುರ ಬೇಡ, ತಡವೂ ಬೇಡ. ಚಳಿ ಒಳಗೆ ಬರದಂತೆ ತಡೆದ ಪೆಟ್ಟಿಗೆ, ಚಳಿಗಾಲದ ಕೊನೆಯಲ್ಲಿ ಬಿಸಿಯನ್ನೂ ಒಳಗೆ ಬಿಡುವುದಿಲ್ಲ. ಮೇಲೆ ಬಿಸಿಲು ಏರಿ ಎಲೆ ನೀರು ಕೇಳುತ್ತಿರುತ್ತದೆ, ಒಳಗೆ ಮಣ್ಣು ಇನ್ನೂ ಗಡ್ಡೆ. ಎಲೆ ಕಂದುವುದು ಬಹುಪಾಲು ಈ ದಿನಗಳಲ್ಲೇ. ಹಾಗಾಗಿ ಹಗಲು ಸೊನ್ನೆ ದಾಟಲು ಶುರುವಾದ ಕೂಡಲೇ ಮುಚ್ಚಳ ಬೆಳಗ್ಗೆ ತೆಗೆದು ಸಂಜೆ ಮುಚ್ಚುತ್ತಾ ಬಂದೆ. ಮಣ್ಣು ಪೂರ್ತಿ ಕರಗಿದ ಮೇಲೆ ಒಂದು ಸಲ ಚೆನ್ನಾಗಿ ನೀರು. ಆಮೇಲೆ ತರಗೆಲೆ ಚೀಲ, ಮುಂದಿನ ಗೋಡೆ. ಗೋಣಿ ಪರದೆಯನ್ನು ಎಲ್ಲಕ್ಕಿಂತ ಕೊನೆಗೆ, ಮೋಡ ಮುಸುಕಿದ ದಿನ ನೋಡಿ ಇಳಿಸಿದೆ.

ನಿತ್ಯಹಸಿರು ಮರಗಳ ವಿಷಯದಲ್ಲಿ ಹಸಿರು ಎಲೆ ನೋಡಿ ಗೆದ್ದೆವು ಅಂದುಕೊಳ್ಳುವ ಹಾಗಿಲ್ಲ. ಬೇರು ಸತ್ತ ಮೇಲೂ ತಂಪು ಇರುವ ತನಕ ಎಲೆ ವಾರಗಟ್ಟಲೆ ಹಸಿರಾಗೇ ಇರುತ್ತದೆ. ಚಿಗುರುವ ಕಾಲಕ್ಕೆ ನೀರಿನ ಬೇಡಿಕೆ ಏರಿದಾಗ ಒಂದೇ ಸಲ ಕುಸಿಯುತ್ತದೆ. ಅದಕ್ಕೇ ಬಾಕ್ಸ್‌ವುಡ್ ಕುಂಡವನ್ನು ಅಡ್ಡ ಮಲಗಿಸಿ, ಅಂಚಿಗೆ ತಟ್ಟಿ, ಬೇರು, ಮಣ್ಣು ಸೇರಿದ ಉಂಡೆಯನ್ನು ಹೊರಗೆ ಜಾರಿಸಿ ನೋಡಿದೆ. ಮನೆಯ ಗೋಡೆ ಕಡೆಗಿದ್ದ ಬೇರುಗಳು ಕೆನೆ ಬಣ್ಣ, ಉಗುರಿನಿಂದ ಒತ್ತಿದರೆ ಗಟ್ಟಿ. ಹೊರಗಿನ ಕಡೆ, ಮೇಲಿನ ಅಂಚಿನಲ್ಲಿ ಅಂಗೈ ಅಗಲದಷ್ಟು ಕಂದು ಬೇರು. ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ದಾರದಂಥ ಎಳೆ ಉಳಿಯಿತು. ಅದು ಸತ್ತ ಬೇರು. ಮುಚ್ಚಳದ ತುಂಡುಗಳು ಸೇರುವ ಜಾಗಕ್ಕೆ ಸರಿಯಾಗಿ ಕೆಳಗೇ ಅದು ಇತ್ತು. ಅಷ್ಟು ಹೋದರೆ ಗಿಡಕ್ಕೆ ತೊಂದರೆ ಇಲ್ಲ, ಆದರೆ ಆ ಸಂದಿಗೆ ಒಂದರ ಮೇಲೊಂದು ಹತ್ತುವ ತುಟಿ ಕೊರೆಯಬೇಕು.

ಸ್ಪ್ರೂಸ್‌ಗೆ ಏನೂ ಆಗಿಲ್ಲ. ಥೂಜಾಗಳಲ್ಲಿ ಒಂದರ ತುದಿ, ಗೋಣಿಗಿಂತ ಮೇಲೆ ಚಾಚಿದ್ದ ಭಾಗ, ಕಂದಿದೆ. ಅದನ್ನು ಇನ್ನೂ ಕತ್ತರಿಸಿಲ್ಲ. ಕೊಂಬೆಯ ಸಿಪ್ಪೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಇದ್ದರೆ ಜೀವ ಇದೆ, ಮೊಗ್ಗು ಒಡೆಯಬಹುದು. ಪೂರ್ತಿ ಒಣಗಿದ ಥೂಜಾ ಕೊಂಬೆ ಮಾತ್ರ ಹಳೆಯ ಮರದಿಂದ ಮತ್ತೆ ಚಿಗುರುವುದು ಕಡಿಮೆ. ಯೂ ಮರವಾಗಿದ್ದರೆ ಧೈರ್ಯವಾಗಿ ಕತ್ತರಿಸಬಹುದಿತ್ತು, ಅದು ಹಳೆಯ ಕೊಂಬೆಯಿಂದಲೂ ಚಿಗುರುತ್ತದೆ. ಹೊಸ ಚಿಗುರು ಎಲ್ಲಿ ಬರುತ್ತದೆ ಎಲ್ಲಿ ಇಲ್ಲ ಅಂತ ಸ್ಪಷ್ಟವಾದ ಮೇಲೆ ಕತ್ತರಿ ಹಿಡಿಯುತ್ತೇನೆ.

ಮುಂದಿನ ಸಲಕ್ಕೆ ಬಿದಿರು ಗಳ ಎರಡು ಗೇಣು ಉದ್ದ ಇರಲಿ ಅಂತ ಗುರುತು ಹಾಕಿಟ್ಟಿದ್ದೇನೆ. ಫೋಮ್ ಹಲಗೆಗಳ ಮೇಲೆ ಯಾವುದು ಯಾವ ಕಡೆಯದು ಅಂತ ಮಾರ್ಕರ್‌ನಲ್ಲಿ ಬರೆದು, ಬಿಸಿಲು ತಾಗದ ಕಡೆ ಚಪ್ಪಟೆಯಾಗಿ ಪೇರಿಸಿದೆ. ಬಾಟಲಿಗಳ ನೀರು ಕುಂಡಗಳಿಗೇ ಹೋಯಿತು.